ಟುಟುವಿನ ಬೆನ್ನು ಹತ್ತಿ: ಪ್ಯಾರಿಸ್, ಮೂಲ್ಯಾಂ, ಲಂಡನ್

ಸೋಮವಾರ, ಪ್ಯಾರಿಸ್

ಸೋಮವಾರ ಓರ್ಸೇ ಮ್ಯೂಸಿಯಂಗೆ ರಜೆ. ಚಿತ್ರಕಾರ ಡೆಗಾ ಬರೆದ ನರ್ತಕಿ ಹುಡುಗಿಯರನ್ನು ನಾಳೆಗೆ ಬಿಟ್ಟು ಇವತ್ತು ಪಾಲೆ ಗಾರ್ನಿಯೇ ಎಂಬ ಒಪೆರಾ ಮನೆ ನೋಡಿಬಿಡೋಣ ಎಂದು ನಿಧಿಯೇ ತೀರ್ಮಾನಿಸಿದಳು. ನಿಧಿ ನನ್ನ ತಂಗಿಯ ಮಗಳು, ಇಲ್ಲಿ ಓದುತ್ತಿದ್ದಾಳೆ. ನಾನು ಬೆಂಗಳೂರಿನಲ್ಲಿ ಭರತನಾಟ್ಯದ ಉಡುಪು ಹೊಲಿಯುವವಳು. ಐಫೆಲ್ ಗೋಪುರ ಬಸ್ಸಿನ ಕಿಟಕಿಯಿಂದಲೂ ಕಾಣುತ್ತದೆ, ಅದಕ್ಕೆಂದು ಒಂದು ದಿನ ಬೇಡ, ಬ್ಯಾಲೆ ನೃತ್ಯದವರು ತೊಡುವ ಜಾಲರಿ ಲಂಗವನ್ನು, ಅದೇ ಟುಟುವನ್ನು, ಹತ್ತಿರದಿಂದ ತೋರಿಸು ಎಂದು ಹೊರಡುವ ಮೊದಲೇ ಅವಳಿಗೆ ಹೇಳಿದ್ದೆ.

ಗಾರ್ನಿಯೇ ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಆ ಮಹಾ ಮೆಟ್ಟಿಲಸಾಲು. ಅಮೃತಶಿಲೆ, ಚಿನ್ನದ ಲೇಪ, ದೀಪ ಹಿಡಿದ ಪ್ರತಿಮೆಗಳು. ನೋಡಲು ಬಂದವರಿಗಿಂತ ಫೋಟೊ ತೆಗೆಸಿಕೊಳ್ಳಲು ಬಂದವರೇ ಹೆಚ್ಚು. ಸಭಾಂಗಣದ ಚಾವಣಿಯಲ್ಲಿ 1964ರಲ್ಲಿ ಶಾಗಾಲ್ ಬರೆದ ಚಿತ್ರವಿದೆ, ಅದರ ಕೆಂಪು ಹಸಿರು ಬಣ್ಣಗಳಿಗೂ ಸುತ್ತಲಿನ ಚಿನ್ನಕ್ಕೂ ಇವತ್ತಿಗೂ ಹೊಂದಾಣಿಕೆ ಆಗಿಲ್ಲ ಅನಿಸಿತು. ಅಲಂಕಾರದ ಮಾತು ಇಷ್ಟು ಸಾಕು. ಕಟ್ಟಡ ಬಾಗಿಲು ತೆರೆದದ್ದು 1875ರ ಜನವರಿ 5ರಂದು. ಅಷ್ಟು ಹೊತ್ತಿಗೆ ಟುಟುವಿಗೆ ನಲವತ್ತು ದಾಟಿತ್ತು. ಅದು ಹುಟ್ಟಿದ್ದು ಇಲ್ಲಿಂದ ಹೆಚ್ಚು ದೂರವೇನಿಲ್ಲದ ಲ ಪೆಲೆತಿಯೇ ಬೀದಿಯ ಹಳೆಯ ಒಪೆರಾ ಮನೆಯಲ್ಲಿ. ಆ ಮನೆ 1873ರ ಅಕ್ಟೋಬರಿನಲ್ಲಿ ಸುಟ್ಟು ಬೂದಿಯಾಯಿತು.

ಇಲ್ಲಿನ ಗ್ರಂಥಾಲಯ-ಮ್ಯೂಸಿಯಂ ಸಣ್ಣದು. ದೃಶ್ಯಸಜ್ಜಿಕೆಯ ಪುಟ್ಟ ಮಾದರಿಗಳು, ಭಾವಚಿತ್ರಗಳು, ಗಾಜಿನ ಹಿಂದೆ ಎತ್ತರದ ಪುಸ್ತಕದ ಕಪಾಟುಗಳು. ನಾನು ಬಂದಿದ್ದು ನರ್ತಕಿ ಮಾರೀ ಟಾಲಿಯೋನಿಗಾಗಿ. 1832ರ ಮಾರ್ಚ್ 12ರಂದು ಲ ಪೆಲೆತಿಯೇ ರಂಗದಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆ ಮೊದಲ ಬಾರಿ ಆಡಿದಾಗ ಅವಳು ಗಾಳಿಯ ಕನ್ಯೆಯಾಗಿ ಬಂದಳು. ನೃತ್ಯ ಕಟ್ಟಿದವನು ಅವಳ ಅಪ್ಪ ಫಿಲಿಪ್ಪೊ. ಮೈಗೆ ಅಂಟಿದ ರವಿಕೆ, ಬರಿ ಭುಜ, ಬೆನ್ನಿಗೆ ಪುಟ್ಟ ರೆಕ್ಕೆ, ಮೊಣಕಾಲಿನ ಕೆಳಗೆ ಮೀನಖಂಡದವರೆಗೆ ಇಳಿದ ಬಿಳಿ ಲಂಗ. ಮುಂದೆ ಬಂದ ಎಲ್ಲ ಟುಟುಗಳ ಮೂಲ ಇದು. ವಿನ್ಯಾಸ ಮಾಡಿದವನೆಂದು ಯುಜೀನ್ ಲಾಮಿಯ ಹೆಸರು ಹೇಳುತ್ತಾರೆ. ನನ್ನ ಕೇಳಿದರೆ ಅರ್ಧ ವಿನ್ಯಾಸ ದೀಪದ್ದು.

ಆ ರಂಗಕ್ಕೆ 1822ರಲ್ಲೇ ಗ್ಯಾಸ್ ದೀಪ ಬಂದಿತ್ತು. ಎಣ್ಣೆ ದೀಪವನ್ನು ಹಚ್ಚಬಹುದು, ಆರಿಸಬಹುದು. ಗ್ಯಾಸ್ ದೀಪವನ್ನಾದರೆ ಒಂದೇ ಕಡೆಯಿಂದ ತಿರುಗಿಸಿ ಇಡೀ ರಂಗವನ್ನು ಮಬ್ಬಾಗಿಸಬಹುದು. 1831ರ ‘ರೋಬೆರ್ ಲ ದ್ಯಾಬ್ಲ್’ ಒಪೆರಾದಲ್ಲಿ ಸತ್ತ ಸನ್ಯಾಸಿನಿಯರು ಬೆಳದಿಂಗಳಲ್ಲಿ ಗೋರಿಯಿಂದೆದ್ದು ಕುಣಿಯುವ ದೃಶ್ಯಕ್ಕೆ ಇದೇ ದೀಪವನ್ನು ಬಳಸಿದರು, ಪ್ಯಾರಿಸ್ ಬೆಚ್ಚಿಬಿತ್ತು. ಆ ದೃಶ್ಯದಲ್ಲಿ ಮುಂದೆ ನಿಂತು ಕುಣಿದವಳೂ ಟಾಲಿಯೋನಿಯೇ. ಇಂಥ ಬೆಳಕಿಗೆ ಬಿಳಿ ರೇಷ್ಮೆ ಹಾಕಿದರೆ ಹೊರಮೈ ಮಾತ್ರ ಹೊಳೆದು ಉಳಿದದ್ದು ಕಪ್ಪಾಗಿ ಬಿದ್ದುಕೊಳ್ಳುತ್ತದೆ. ತೆಳು ಮಸ್ಲಿನ್ನೋ ನೆಟ್ಟೋ ಪದರ ಪದರವಾಗಿದ್ದರೆ ಒಂದು ಪದರ ದಾಟಿದ ಬೆಳಕು ಮುಂದಿನದರಲ್ಲಿ ಸಿಕ್ಕಿಕೊಂಡು ಲಂಗ ಒಳಗಿನಿಂದಲೇ ಬೆಳಗಿದಂತೆ ಕಾಣುತ್ತದೆ. ನೆಟ್ ಬಟ್ಟೆಯನ್ನು ಹೀಗೆ ಮೇಲೆ ಮೇಲೆ ಹಾಕುವುದು ಕೈಗೆಟುಕಿದ್ದು ಯಂತ್ರದಿಂದ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರ ಹೊತ್ತಿಗೆ ಜಾಲರಿ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅದಕ್ಕೆ ಮುಂಚೆ ಒಂದು ಗಜ ಜಾಲರಿ ಎಂದರೆ ಕೈಯಲ್ಲಿ ಹೆಣೆಯುವವಳೊಬ್ಬಳು ಎಷ್ಟೋ ದಿನ ಕಣ್ಣು ನೋಯಿಸಿಕೊಳ್ಳಬೇಕಿತ್ತು.

ಮ್ಯೂಸಿಯಂ ಅಂಗಡಿಯಲ್ಲಿ ಮೂರು ವರ್ಷದ ಮಕ್ಕಳ ಗುಲಾಬಿ ಟುಟು ಮಾರಾಟಕ್ಕಿತ್ತು. ಮಗುಚಿ ನೋಡಿದೆ. ಎಲಾಸ್ಟಿಕ್, ಓವರ್‌ಲಾಕ್ ಹೊಲಿಗೆ. ಬೆಲೆ ನೋಡಿ ಹಾಗೇ ಇಟ್ಟೆ.

ಮಂಗಳವಾರ, ಓರ್ಸೇ

ಹಳೆಯ ರೈಲು ನಿಲ್ದಾಣದಲ್ಲಿರುವ ಈ ಮ್ಯೂಸಿಯಂನಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಯಾವ ಚಿತ್ರದ ಮುಂದೆಯೂ ಅಲ್ಲ, ಒಂದು ಆಟಿಕೆಯಂಥ ಮಾದರಿಯ ಮುಂದೆ. ನೆಲಮಹಡಿಯ ತುದಿಯಲ್ಲಿ ಪಾಲೆ ಗಾರ್ನಿಯೇ ಕಟ್ಟಡವನ್ನು ಉದ್ದಕ್ಕೆ ಸೀಳಿ ಒಳಗೆಲ್ಲ ಕಾಣುವಂತೆ ಮಾಡಿಟ್ಟಿದ್ದಾರೆ. ನಿನ್ನೆ ಬೆರಗಿನಿಂದ ನೋಡಿದ ಸಭಾಂಗಣ ಇದರಲ್ಲಿ ಎಷ್ಟು ಚಿಕ್ಕದು! ರಂಗದ ಮೇಲೆ, ಕೆಳಗೆ, ಹಿಂದೆ ಇರುವ ಜಾಗವೇ ಕಟ್ಟಡದ ಬಹುಪಾಲು. ರಂಗದ ಬೆನ್ನಿಗೆ ಕನ್ನಡಿ, ದೀಪಗೊಂಚಲು, ಚಿನ್ನದ ಕಂಬಗಳ ಒಂದು ಕೋಣೆ. ಅದೇ ನರ್ತಕಿಯರ ಕೋಣೆ, ಫೋಯೇ ದ ಲಾ ದಾನ್ಸ್. ನರ್ತಕಿಯರು ರಂಗಕ್ಕೆ ಹೋಗುವ ಮೊದಲು ಮೈ ಸಡಿಲಿಸಿಕೊಳ್ಳುವ ಜಾಗ. ವರ್ಷದ ಚಂದಾ ಕಟ್ಟಿದ ಶ್ರೀಮಂತ ಗಂಡಸರಿಗೂ ಅಲ್ಲಿಗೆ ಪ್ರವೇಶವಿತ್ತು. ಅವರು ಅಲ್ಲಿಗೆ ಬರುತ್ತಿದ್ದದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಬಡಮನೆಯ ಹುಡುಗಿಯರ ತಾಯಂದಿರಿಗೂ ಗೊತ್ತಿತ್ತು.

ಅದು ತಲೆಯಲ್ಲಿ ಕೂತ ಮೇಲೆ ಡೆಗಾನ ಚಿತ್ರಗಳ ಬಿಳಿ ಬೇರೆಯೇ ಆಗುತ್ತದೆ. 1870ರ ದಶಕದ ‘ನೃತ್ಯ ತರಗತಿ’ಯಲ್ಲಿ ದೊಣ್ಣೆ ಊರಿ ನಿಂತ ಮುದುಕ ಗುರು ಜೂಲ್ ಪೆರೋ. ಒಂದು ಕಾಲದಲ್ಲಿ ಟಾಲಿಯೋನಿಯ ಜೊತೆ ಕುಣಿದವನು. ಸುತ್ತ ಹುಡುಗಿಯರು ಬೆನ್ನು ಕೆರೆದುಕೊಳ್ಳುತ್ತ, ಆಕಳಿಸುತ್ತ, ಸೊಂಟದ ಪಟ್ಟಿ ಸರಿ ಮಾಡಿಕೊಳ್ಳುತ್ತ ನಿಂತಿದ್ದಾರೆ. ಲಂಗ ಈಗ ಮೊಣಕಾಲಿನ ಹತ್ತಿರಕ್ಕೆ ಏರಿದೆ. ಬಟ್ಟೆ ಟಾರ್ಲಟನ್, ಸಡಿಲ ನೇಯ್ಗೆಗೆ ಗಂಜಿ ಕೊಟ್ಟ ಹತ್ತಿ. ಗಂಜಿ ಇರುವವರೆಗೆ ಉಬ್ಬಿ ನಿಲ್ಲುತ್ತದೆ, ಬೆವರು ಕುಡಿದ ಮೇಲೆ ಜೋತು ಬೀಳುತ್ತದೆ. ಡೆಗಾ ಆ ಜೋತು ಬಿದ್ದದ್ದನ್ನೂ ಬರೆದಿದ್ದಾನೆ. ಕೂತವಳು ಲಂಗ ಮುದುಡಬಾರದೆಂದು ಹಿಂದಕ್ಕೆ ಎತ್ತಿ ಹರಡಿ ಕೂರುವುದನ್ನೂ ಬಿಟ್ಟಿಲ್ಲ. ಬಟ್ಟೆ ಬಲ್ಲವನ ಕಣ್ಣು.

ಅವನ ‘ಹದಿನಾಲ್ಕು ವರ್ಷದ ಪುಟ್ಟ ನರ್ತಕಿ’ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಒಂದು ಮೀಟರಿಗೂ ಸ್ವಲ್ಪ ಕಡಿಮೆ ಎತ್ತರ, ಕೈ ಹಿಂದಕ್ಕೆ ಕಟ್ಟಿ ಗಲ್ಲ ಎತ್ತಿ ನಿಂತಿದ್ದಾಳೆ. 1881ರ ಪ್ರದರ್ಶನದಲ್ಲಿ ಡೆಗಾ ಇಟ್ಟಿದ್ದು ಮೇಣದ ಮೂರ್ತಿ. ಅದಕ್ಕೆ ನಿಜವಾದ ರವಿಕೆ, ನಿಜವಾದ ಜಾಲರಿ ಲಂಗ, ಜಡೆಗೆ ನಿಜವಾದ ರಿಬ್ಬನ್. ನೋಡಿದವರು ಕೋತಿಗೆ ಹೋಲಿಸಿ ಹೀಯಾಳಿಸಿದರು. ಆ ಮೇಣದ ಮೂರ್ತಿ ಈಗ ವಾಷಿಂಗ್ಟನ್ನಿನಲ್ಲಿದೆ. ಜಗತ್ತಿನ ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಡೆಗಾ ಸತ್ತ ಮೇಲೆ ಎರಕ ಹೊಯ್ದ ಕಂಚಿನ ಪ್ರತಿಗಳು. ಕಂಚಿಗೆ ಬಟ್ಟೆಯ ಲಂಗವನ್ನೇ ಕಟ್ಟಿದ್ದಾರೆ, ಕಂಚು ಹಾಗೇ ಇದ್ದರೂ ಲಂಗ ಹಳಸುತ್ತದೆ, ಆಗ ಹೊಸದು ಹೊಲಿಸುತ್ತಾರೆ. ಹಾಗಾಗಿ ಒಂದೊಂದು ಊರಿನಲ್ಲಿ ಈ ಹುಡುಗಿಯ ಲಂಗದ ಉದ್ದ ಒಂದೊಂದು, ಬಣ್ಣ ಒಂದೊಂದು. ಕಲಾ ಇತಿಹಾಸದವರು ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರಂತೆ. ನನಗಂತೂ ಖುಷಿಯಾಯಿತು: ಕಂಚಿನ ಮೂರ್ತಿಯ ಅರ್ಧ ಯಾರೋ ಹೊಲಿಗೆಯವರ ಕೈಯಲ್ಲಿದೆ.

ಮೂರ್ತಿಗೆ ನಿಂತವಳು ಮಾರೀ ವಾನ್ ಗೋಥೆಮ್, ಒಪೆರಾ ಶಾಲೆಯ ಹುಡುಗಿ. ಮರುವರ್ಷವೇ, 1882ರಲ್ಲಿ, ಅವಳನ್ನು ಒಪೆರಾದಿಂದ ತೆಗೆದುಹಾಕಿದರು.

ಬುಧವಾರ, ಮೂಲ್ಯಾಂ

ಪ್ಯಾರಿಸ್ ಬೆರ್ಸಿ ನಿಲ್ದಾಣದಿಂದ ಕ್ಲೆರ್ಮೋಂ ಕಡೆಗೆ ಹೋಗುವ ರೈಲು. ಎರಡೂವರೆ ಗಂಟೆ. ಕಿಟಕಿಯಾಚೆ ಹೊಲ, ಹಸು, ಮತ್ತೆ ಹೊಲ. ಮೂಲ್ಯಾಂ ಅಲ್ಯೇ ನದಿಯ ದಂಡೆಯ ಸಣ್ಣ ಊರು. 18ನೇ ಶತಮಾನದ ಕುದುರೆ ಸೈನ್ಯದ ಬ್ಯಾರಕ್ಕಿನಲ್ಲಿ 2006ರಲ್ಲಿ ರಾಷ್ಟ್ರೀಯ ರಂಗ ವೇಷಭೂಷಣ ಕೇಂದ್ರ ತೆರೆದರು. ಪ್ಯಾರಿಸ್ ಒಪೆರಾ, ಕೊಮೆಡಿ ಫ್ರಾನ್ಸೇಸ್ ನಾಟಕ ಮಂಡಳಿ, ರಾಷ್ಟ್ರೀಯ ಗ್ರಂಥಾಲಯ ಈ ಮೂರೂ ತಮ್ಮ ಹಳೆಯ ಉಡುಪುಗಳನ್ನು ಇಲ್ಲಿಗೆ ಕೊಟ್ಟಿವೆ. ಒಟ್ಟು ಹತ್ತು ಸಾವಿರದಷ್ಟು. ಇಲ್ಲಿಗೆ ಬಂದ ಉಡುಪನ್ನು ಮತ್ತೆ ಯಾರೂ ತೊಡುವಂತಿಲ್ಲ. ಬೆಳಕಿಗೆ ಬಣ್ಣ ಹೋಗುತ್ತದೆಂದು ಎಲ್ಲವನ್ನೂ ಒಟ್ಟಿಗೆ ಹೊರಗಿಡುವುದಿಲ್ಲ, ಸರದಿಯಂತೆ ತೋರಿಸುತ್ತಾರೆ. ಕೋಣೆಗಳು ಮಬ್ಬು, ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು.

ನಾನು ಬಯಸಿದ್ದು ಇಲ್ಲಿ ಸಿಕ್ಕಿತು. ಒಂದು ಟುಟುವನ್ನು ತಲೆಕೆಳಗಾಗಿಸಿ ಇಟ್ಟಿದ್ದರು. ಉಗ್ರಾಣದಲ್ಲೂ ಹಾಗೇ ಇಡುವುದಂತೆ, ನೇರ ತೂಗಿದರೆ ಅಂಚು ಜೋತು ಬೀಳುತ್ತದೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ.

ಅದು ಲಂಗವೇ ಅಲ್ಲ, ಮೊದಲು ಅದೊಂದು ಚಡ್ಡಿ. ಚಡ್ಡಿಯ ಮೇಲೆ ಸೊಂಟದಿಂದ ತೊಡೆಯ ಸಂದಿನವರೆಗೆ ಸಾಲು ಸಾಲಾಗಿ ನೆಟ್ ನೆರಿಗೆ ಹಿಡಿದು ಹೊಲಿದಿದ್ದಾರೆ. ತೀರಾ ಕೆಳಗಿನ ಸಾಲು ಎರಡು ಬೆರಳಗಲ, ಮೇಲೆ ಹೋದಂತೆ ಒಂದಕ್ಕಿಂತ ಒಂದು ಉದ್ದ, ಎಲ್ಲಕ್ಕಿಂತ ಮೇಲಿನದು ಮೊಳದಷ್ಟು. ಕೆಳಗಿನ ಮೋಟು ಸಾಲುಗಳು ಮೇಲಿನ ಉದ್ದದವನ್ನು ಎತ್ತಿ ಹಿಡಿಯುತ್ತವೆ. ನಡುವಿನ ಪದರವೊಂದರಲ್ಲಿ ಪಟ್ಟಿ ಹೊಲಿದು ಅದರೊಳಗೆ ತೆಳು ಉಕ್ಕಿನ ಬಳೆ ತೂರಿಸಿದ್ದಾರೆ, ಇಡೀ ಲಂಗ ಮುಸುರೆ ಮುಚ್ಚುವ ತಟ್ಟೆಯಂತೆ ಅಡ್ಡಡ್ಡಲಾಗಿ ನಿಲ್ಲುವುದು ಅದರಿಂದ. ಪದರಗಳು ಒಂದೊಂದು ದಿಕ್ಕಿಗೆ ಹೋಗದಂತೆ ಮೇಲಿನಿಂದ ಕೆಳಗಿನವರೆಗೆ ಅಲ್ಲಲ್ಲಿ ಸಡಿಲ ಕಚ್ಚಾ ಹೊಲಿಗೆ. ಇದನ್ನು ಬಿಗಿಯಾಗಿ ಎಳೆದರೆ ಚಪ್ಪಟೆ, ಸಡಿಲ ಬಿಟ್ಟರೆ ಮೆತ್ತಗೆ. ಒಂದೇ ಬಟ್ಟೆಯಲ್ಲಿ ಎರಡು ಗುಣ ತರುವುದು ಈ ಕಾಣದ ದಾರ. ಜಾಲರಿಯ ಮೇಲೆ ಯಂತ್ರ ಓಡಿಸುವುದು ಎಷ್ಟು ಕಷ್ಟವೆಂದು ಮದುವೆ ಲೆಹೆಂಗಾದ ಅಡಿಗೆ ಕ್ಯಾನ್‌ಕ್ಯಾನ್ ಕೊಟ್ಟವರಿಗೆಲ್ಲ ಗೊತ್ತು. ಇಲ್ಲಿ ಹತ್ತು ಹನ್ನೆರಡು ಸಾಲು, ಒಂದು ಎಳೆಯೂ ಕಚ್ಚಿಕೊಂಡಿಲ್ಲ.

ರವಿಕೆಯ ಬೆನ್ನಿನಲ್ಲಿ ಹುಕ್ಕಿಗೆ ಎರಡು ಸಾಲು ಕಾಜಾ. ಒಳಗೆ ಹೊಲಿದ ಟೇಪಿನ ಮೇಲೆ ಶಾಯಿಯಲ್ಲಿ ಬರೆದ ಹೆಸರು, ಅದರ ಕೆಳಗೆ ಇನ್ನೊಂದು, ಮೊದಲನೆಯದನ್ನು ಅಡ್ಡಗೆರೆ ಎಳೆದು ಹೊಡೆದಿದ್ದಾರೆ. ಒಬ್ಬಳಿಗೆ ಹೊಲಿದದ್ದನ್ನು ಮುಂದಿನವಳು ತೊಡುತ್ತಾಳೆ, ಮೈ ಬೇರೆಯಾದರೆ ಕಾಜಾ ಬದಲಿಸುತ್ತಾರೆ. ನಾವು ಬೆಳೆಯುವ ಹುಡುಗಿಗೆಂದು ಒಳಗೆ ಮಾರ್ಜಿನ್ ಬಿಡುವುದೂ ಇದೇ ಲೆಕ್ಕದಲ್ಲಿ.

“ದೊಡ್ಡಮ್ಮ, ಗಾರ್ಡ್ ಈ ಕಡೆಯೇ ನೋಡ್ತಿದಾರೆ, ಸ್ವಲ್ಪ ಹಿಂದೆ ಬನ್ನಿ,” ಎಂದಳು ನಿಧಿ. ಬಂದೆ.

ಈ ಅಡ್ಡ ತಟ್ಟೆ ಲಂಗ ಬಂದ ದಾರಿ ರಷ್ಯಾದ್ದು. 1880ರ ದಶಕದಲ್ಲಿ ಇಟಲಿಯ ನರ್ತಕಿಯರು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ಉಕ್ಕಿನಂಥ ಕಾಲ್ಬೆರಳ ತುದಿ, ಬಿರುಸಿನ ಸುತ್ತು. ವರ್ಜೀನಿಯಾ ಜುಕ್ಕಿ 1885ರಲ್ಲಿ ಅಲ್ಲಿ ಕುಣಿದಾಗ ಅಲ್ಲಿನ ಉದ್ದ ಲಂಗ ಒಲ್ಲೆನೆಂದು ಮೋಟು ಮಾಡಿಸಿಕೊಂಡಳು. 1895ರಲ್ಲಿ ಪಿಯೆರೀನಾ ಲೆನ್ಯಾನಿ ‘ಹಂಸ ಸರೋವರ’ ಬ್ಯಾಲೆಯಲ್ಲಿ ಒಂದೇ ಕಾಲ ಮೇಲೆ 32 ಸುತ್ತು ಸುತ್ತಿದಳು. ಚಾವಟಿಯಂತೆ ಬೀಸುವ ಇನ್ನೊಂದು ಕಾಲು ಕಾಣದಿದ್ದರೆ ಆ ಸುತ್ತಿನಲ್ಲಿ ನೋಡುವುದೇನಿದೆ? ಕಾಲಿನ ಕೆಲಸ ಹೆಚ್ಚಿದಂತೆ ಬಟ್ಟೆ ದಾರಿ ಬಿಡಬೇಕಾಯಿತು. ಆದರೂ ಲೆನ್ಯಾನಿಯ ಕಾಲದ ಲಂಗ ಮೊಣಕಾಲಿನವರೆಗೆ ಗಂಟೆಯಾಕಾರದಲ್ಲಿ ಇಳಿಯುತ್ತಿತ್ತು. ಬಳೆ ತೂರಿಸಿದ ಪೂರ್ತಿ ಅಡ್ಡ ಲಂಗ ನೆಲೆಯೂರಿದ್ದು 20ನೇ ಶತಮಾನದಲ್ಲಿ. ಅದನ್ನು ಮತ್ತೆ ಮೆತ್ತಗೆ ಮಾಡಿದವಳು ಖಾರ್ಕಿವ್‌ನಲ್ಲಿ ಹುಟ್ಟಿ ನ್ಯೂಯಾರ್ಕ್ ಸೇರಿದ ಬಾರ್ಬರಾ ಕರಿನ್ಸ್ಕಾ. ನೃತ್ಯ ಸಂಯೋಜಕ ಬಾಲಂಶೀನ್ 1947ರಲ್ಲಿ ಪ್ಯಾರಿಸ್ ಒಪೆರಾಕ್ಕೆಂದು ಬಿಜೆ ಎಂಬ ಸಂಗೀತಗಾರನ ಕೃತಿಗೆ ಕಟ್ಟಿದ ಬ್ಯಾಲೆ ನ್ಯೂಯಾರ್ಕಿಗೆ ಹೋಗಿ ‘ಸಿಂಫನಿ ಇನ್ ಸಿ’ ಆಯಿತು. ಅದಕ್ಕೆ 1950ರಲ್ಲಿ ಕರಿನ್ಸ್ಕಾ ಬಳೆಯಿಲ್ಲದ, ಕಡಿಮೆ ಪದರದ, ಮೋಟು ಲಂಗ ಹೊಲಿದಳು. ಕಾರಣ ಸರಳ. ಅಷ್ಟು ಜನ ಒಟ್ಟಿಗೆ ರಂಗದಲ್ಲಿ ನಿಂತಾಗ ಬಳೆ ಲಂಗಗಳು ಒಂದಕ್ಕೊಂದು ಬಡಿದು ಎದ್ದು ಬೀಳುತ್ತಿದ್ದವು. ಪೌಡರ್ ಪಫ್ ಎಂದು ಅದಕ್ಕೆ ಹೆಸರಾಯಿತು.

ಮೇಲಿನ ಒಂದು ಭಾಗ ಪೂರ್ತಿ ರಷ್ಯಾದ ನರ್ತಕ ನುರೇಯೆವ್‌ನದು, 2013ರಲ್ಲಿ ತೆರೆದದ್ದು. ಅವನ ಅಂಗಿಗಳೆಲ್ಲ ಸೊಂಟದಲ್ಲೇ ಮುಗಿಯುತ್ತವೆ, ಕಾಲು ಉದ್ದ ಕಾಣಲೆಂದು. 1992ರಲ್ಲಿ ಸಾವಿನಂಚಿನಲ್ಲಿದ್ದಾಗ ಅವನು ಪ್ಯಾರಿಸ್ ಒಪೆರಾಕ್ಕೆ ಕೊಟ್ಟ ಕೊನೆಯ ಬ್ಯಾಲೆ ‘ಲಾ ಬಯಾಡೇರ್’. ಪೆಟಿಪಾ 1877ರಲ್ಲಿ ಮೊದಲು ಕಟ್ಟಿದ, ನಿಕಿಯಾ ಎಂಬ ದೇವದಾಸಿಯ ಕಥೆ. ಸತ್ತ ನರ್ತಕಿಯರು ಇಳಿಜಾರಿನ ಮೇಲೆ ಒಬ್ಬರ ಹಿಂದೊಬ್ಬರು ಇಳಿದು ಬರುತ್ತಾರೆ, ಎಲ್ಲರಿಗೂ ಬಿಳಿ ಟುಟು. ನಮ್ಮ ದೇವದಾಸಿ ಸತ್ತು ಸ್ವರ್ಗಕ್ಕೆ ಹೋದರೂ ಫ್ರೆಂಚ್ ನೆಟ್ಟೇ ಗತಿ!

ನಗು ಬಂದರೂ ಇದರ ಹಿಂದೆ ಒಂದು ಕಥೆಯಿದೆ. 1830ರಲ್ಲೇ, ಸಿಲ್ಫೀಡ್‌ಗೂ ಮೊದಲು, ಟಾಲಿಯೋನಿ ಪ್ಯಾರಿಸ್‌ನಲ್ಲಿ ಒಬ್ಬ ದೇವದಾಸಿಯ ಪಾತ್ರ ಮಾಡಿದ್ದಳು. ಎಂಟು ವರ್ಷದ ನಂತರ, 1838ರಲ್ಲಿ, ಪುದುಚೇರಿಯ ಹತ್ತಿರದ ತಿರುವೆಂದಿಪುರಂನಿಂದ ನಿಜವಾದ ದೇವದಾಸಿಯರ ತಂಡವೇ ಪ್ಯಾರಿಸ್‌ಗೆ ಬಂತು. ಮುಖ್ಯ ನರ್ತಕಿಯ ಹೆಸರು ಅಮ್ಮಣಿ. ಕವಿ ಗೋತಿಯೇ ಅವಳನ್ನು ಹಾಡಿ ಹೊಗಳಿ ಬರೆದ. ಶಿಲ್ಪಿ ಬಾರ್ ಹಿಂದಿನ ವರ್ಷವಷ್ಟೇ ಟಾಲಿಯೋನಿಯ ಪುಟ್ಟ ಮೂರ್ತಿ ಮಾಡಿದ್ದವನು, ಅಮ್ಮಣಿಯದನ್ನೂ ಮಾಡಿದ. ಒಂದೇ ಕೈಯಲ್ಲಿ ಎರಡು ಉಡುಪು ಮೂಡಿತು. ಆದರೆ ಬ್ಯಾಲೆ ರಂಗ ಅಮ್ಮಣಿಯ ಉಡುಪಿನಿಂದ ಒಂದು ನೆರಿಗೆಯನ್ನೂ ಎತ್ತಿಕೊಳ್ಳಲಿಲ್ಲ. ಮೂರೇ ವರ್ಷಕ್ಕೆ ಗೋತಿಯೇ ಕಥೆಯಲ್ಲಿ ಕೈಯಾಡಿಸಿದ ‘ಜಿಸೆಲ್’ ಬಂದಾಗ ಸತ್ತ ಹುಡುಗಿಯರೆಲ್ಲ ಮತ್ತೆ ಬಿಳಿ ಲಂಗದಲ್ಲೇ ಎದ್ದು ಬಂದರು.

ವಾಪಸು ರೈಲಿನಲ್ಲಿ ನಿಧಿ ನಿದ್ದೆ ಹೋದಳು. ನಾನು ಟಿಕೆಟ್ಟಿನ ಹಿಂದೆ ಪದರಗಳ ಚಿತ್ರ ಬರೆದುಕೊಂಡೆ.

ಗುರುವಾರ, ಮೋಮಾರ್ತ್ರ್ ಸ್ಮಶಾನ

ಮಳೆ. ಸ್ಮಶಾನ ತಗ್ಗಿನಲ್ಲಿದೆ, ಗೋರಿಗಳ ನೆತ್ತಿಯ ಮೇಲೇ ಕಬ್ಬಿಣದ ಸೇತುವೆ ಹಾದು ಬಸ್ಸು ಕಾರು ಓಡಾಡುತ್ತವೆ. ಡೆಗಾ, ಗೋತಿಯೇ, ನರ್ತಕ ನಿಜಿನ್ಸ್ಕಿ ಎಲ್ಲರೂ ಇಲ್ಲೇ ಮಲಗಿದ್ದಾರೆ. ನಿಜಿನ್ಸ್ಕಿಯ ಗೋರಿಯ ಮೇಲೆ ಪೆತ್ರೂಷ್ಕಾ ಎಂಬ ಬೊಂಬೆಯ ವೇಷದ ಅವನದೇ ಕಂಚಿನ ಮೂರ್ತಿ, ಗಲ್ಲಕ್ಕೆ ಕೈಕೊಟ್ಟು ಕೂತಿದೆ. ಜಿಸೆಲ್ ಬ್ಯಾಲೆಗೆ ಬಿಗಿ ಕಾಲುಡುಪಿನ ಮೇಲೆ ಚಡ್ಡಿ ಹಾಕದೆ ರಂಗಕ್ಕೆ ಬಂದನೆಂದು 1911ರಲ್ಲಿ ರಷ್ಯಾದ ಸಾಮ್ರಾಟರ ರಂಗಮಂದಿರದಿಂದ ಅವನನ್ನು ಹೊರಹಾಕಿದ್ದರು. ಗಂಡಸಿನ ಬಟ್ಟೆಯ ಅಳತೆಗೂ ಅಧಿಕಾರಿಗಳಿದ್ದರು.

ಟಾಲಿಯೋನಿ ಹೆಸರಿನ ಗೋರಿಯ ಮೇಲೆ ಸವೆದ ಬ್ಯಾಲೆ ಷೂಗಳನ್ನು ತಂದಿಟ್ಟಿದ್ದಾರೆ. ಮಳೆಯಲ್ಲಿ ಸ್ಯಾಟಿನ್ ಕಪ್ಪಾಗಿ ಊದಿಕೊಂಡಿತ್ತು. ಇಲ್ಲಿರುವುದು ಮಾರೀ ಅಲ್ಲ, ಅವಳ ತಾಯಿ, ಮಾರೀ ಇರುವುದು ಪೇರ್ ಲಶೇಸ್ ಸ್ಮಶಾನದಲ್ಲಿ ಎನ್ನುವ ವಾದವಿದೆ. ಷೂ ತಂದಿಡುವವರಿಗೆ ಅದರ ಗೊಡವೆ ಇಲ್ಲ.

ನಾನು ಹುಡುಕಿ ಬಂದದ್ದು ಎಮ್ಮಾ ಲಿವ್ರಿಯನ್ನು. ಟಾಲಿಯೋನಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ವಿಶ್ರಾಂತಿಯಲ್ಲಿದ್ದವಳು ಈ ಹುಡುಗಿಯ ಕುಣಿತದ ಸುದ್ದಿ ಕೇಳಿ ಪ್ಯಾರಿಸ್‌ಗೆ ಬಂದು ಗುರುವಾದಳು. 1860ರಲ್ಲಿ ಅವಳಿಗೆಂದೇ ‘ಲ ಪಪಿಯೋಂ’ ಕಟ್ಟಿದಳು, ಸಂಗೀತ ಆಫೆನ್‌ಬಾಕ್‌ನದು. ಚಿಟ್ಟೆಯಾದ ಹುಡುಗಿ ಪಂಜಿನ ಬೆಂಕಿಗೆ ರೆಕ್ಕೆ ಸುಟ್ಟುಕೊಳ್ಳುವ ಕಥೆ.

ಗ್ಯಾಸ್ ದೀಪ, ಗಂಜಿ ಹಾಕಿದ ಸಡಿಲ ಹತ್ತಿ, ಪದರಗಳ ನಡುವೆ ಗಾಳಿ. ಒಲೆ ಹಚ್ಚಲು ಇದಕ್ಕಿಂತ ಒಳ್ಳೆಯ ಜೋಡಣೆ ಬೇಕೆ? ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ಕ್ಲಾರಾ ವೆಬ್‌ಸ್ಟರ್ 1844ರಲ್ಲಿ ಹೀಗೇ ಸುಟ್ಟುಕೊಂಡು ಸತ್ತಿದ್ದಳು. ಕಾರ್ತೆರೋಂ ಎಂಬಾತ ಬಟ್ಟೆಯನ್ನು ರಾಸಾಯನಿಕದಲ್ಲಿ ಅದ್ದಿ ಬೆಂಕಿ ಹತ್ತದಂತೆ ಮಾಡುವ ವಿಧಾನ ಕಂಡುಹಿಡಿದ. 1859ರ ನವೆಂಬರಿನಲ್ಲಿ ಸಾಮ್ರಾಟನ ಆಜ್ಞೆಯೇ ಹೊರಟಿತು: ರಂಗದ ಉಡುಪು, ಪರದೆ ಎಲ್ಲಕ್ಕೂ ಇದು ಕಡ್ಡಾಯ. ಆದರೆ ಅದ್ದಿದ ಬಟ್ಟೆ ಗಡುಸಾಗುತ್ತಿತ್ತು, ಹಳದಿಗೆ ತಿರುಗುತ್ತಿತ್ತು. ನರ್ತಕಿಯರು ಒಪ್ಪಲಿಲ್ಲ. ಲಿವ್ರಿ 1860ರಲ್ಲಿ ನಿರ್ದೇಶಕನಿಗೆ ಕಾಗದ ಬರೆದು, ತಾನು ಮಾಮೂಲಿ ಲಂಗದಲ್ಲೇ ಕುಣಿಯುವುದು, ಹೊಣೆ ತನ್ನದೇ ಎಂದು ಸಹಿ ಮಾಡಿಕೊಟ್ಟಳು.

1862ರ ನವೆಂಬರ್ 15ರಂದು ಒಂದು ಒಪೆರಾದ ತಾಲೀಮು ನಡೆದಿತ್ತು. ತನ್ನ ಸರದಿ ಕಾಯುತ್ತಿದ್ದ ಲಿವ್ರಿ ಲಂಗ ಮುದುಡಬಾರದೆಂದು ಕೊಡವಿದಳು. ಗಾಳಿ ಬೀಸಿ ದೀಪದ ಉರಿ ಎದ್ದಿತು, ಲಂಗಕ್ಕೆ ತಾಗಿತು. ಅವಳು ರಂಗದ ತುಂಬ ಓಡಿದಳು. ಬೆಂಕಿ ನಂದಿಸುವವನು ಕಂಬಳಿ ಹೊದಿಸುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಎಂಟು ತಿಂಗಳು ನರಳಿ 1863ರ ಜುಲೈ 26ರಂದು ಸತ್ತಳು. ಇಪ್ಪತ್ತೊಂದು ತುಂಬಿರಲಿಲ್ಲ. ಆ ಉಡುಪಿನ ಸುಟ್ಟ ಚೂರುಗಳು ಒಪೆರಾದ ಮ್ಯೂಸಿಯಂ ಸಂಗ್ರಹದಲ್ಲಿವೆ.

ಅವಳದು ಮೊಂಡುತನವೆಂದು ಬರೆದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗಡುಸು ಹಳದಿ ಲಂಗದಲ್ಲಿ ಚಿಟ್ಟೆಯಾಗು ಎಂದರೆ ಹೇಗೆ? ಚಂದಾದಾರರು ನೋಡಬಯಸಿದ್ದು ಬಿಳಿ ಮೋಡವನ್ನು, ಪಾತ್ರ ಸಿಗುತ್ತಿದ್ದದ್ದು ಬಿಳಿ ಮೋಡವಾದವಳಿಗೆ. ಉರಿಗೆ ತಂತಿ ಬಲೆ ಕಟ್ಟುವ ಜವಾಬ್ದಾರಿ ರಂಗಮಂದಿರದ್ದು. ಅದನ್ನು ಬಿಟ್ಟು ಹುಡುಗಿಯ ಕೈಯಲ್ಲಿ ಸಹಿ ಹಾಕಿಸಿಕೊಂಡರು.

ಶುಕ್ರವಾರ, ಲಂಡನ್

ಬೆಳಗಿನ ಯೂರೋಸ್ಟಾರ್. ಮಧ್ಯಾಹ್ನ ವಾಲೇಸ್ ಕಲೆಕ್ಷನ್. ಹಳೆಯ ಶ್ರೀಮಂತರ ಮನೆಯೇ ಮ್ಯೂಸಿಯಂ, ಪ್ರವೇಶ ಉಚಿತ. ಕವಚ ಕತ್ತಿಗಳನ್ನೆಲ್ಲ ದಾಟಿ ನಿಕೋಲಾ ಲಾಂಕ್ರೆ ಸುಮಾರು 1730ರಲ್ಲಿ ಬರೆದ ‘ನರ್ತಿಸುತ್ತಿರುವ ಕಮಾರ್ಗೊ’ ಮುಂದೆ ನಿಂತೆವು. ತೋಟದ ನಡುವೆ ಅಗಲ ಲಂಗದ ಹೆಣ್ಣು, ಪಕ್ಕದಲ್ಲಿ ವಾದ್ಯದವರು. ಲಂಗದ ಅಂಚಿನ ಕೆಳಗೆ ಪಾದ ಕಾಣುತ್ತದೆ. ಅಷ್ಟೇ. ಆ ಬೆರಳಳತೆಯ ಜಾಗವೇ ಆಗ ದೊಡ್ಡ ಗಲಾಟೆ.

ಮಾರೀ ಕಮಾರ್ಗೊ 1726ರಲ್ಲಿ ಪ್ಯಾರಿಸ್ ರಂಗಕ್ಕೆ ಬಂದವಳು. ನೆಗೆದು ಗಾಳಿಯಲ್ಲೇ ಪಾದಗಳನ್ನು ಅದಲುಬದಲು ಮಾಡುವ ಎಂತ್ರಶಾ ಗಂಡಸರ ಸ್ವತ್ತಾಗಿತ್ತು, ಅವಳೂ ಮಾಡಿದಳು. ಮಾಡಿದ್ದು ಕಾಣಬೇಕಲ್ಲ, ಲಂಗವನ್ನು ಪಾದದ ಗಂಟಿನ ಮೇಲಕ್ಕೆ ಎತ್ತಿಸಿದಳು. ಒಳಗೆ ಚಡ್ಡಿ ತೊಡುವ ನಿಯಮ ಬಂದದ್ದು ಆಮೇಲೆಯೇ ಎನ್ನುವ ಮಾತಿದೆ. ಮೂಲ್ಯಾಂನಲ್ಲಿ ನೋ‌ಡಿದ ಆ ನೆಟ್ ಸಾಲುಗಳ ಅಡಿಪಾಯವೂ ಚಡ್ಡಿಯೇ ತಾನೆ. ಅವಳ ಎದುರಾಳಿ ಮಾರೀ ಸಾಲೇ ಇನ್ನೊಂದು ದಾರಿ ಹಿಡಿದಳು. 1734ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗದಲ್ಲಿ ಲಂಗ ಅಗಲಿಸುವ ಬಿದಿರು ಬುಟ್ಟಿಯಂಥ ಚೌಕಟ್ಟನ್ನೇ ಕಿತ್ತೆಸೆದು, ತಲೆಗೂದಲು ಬಿಟ್ಟು, ಬರಿ ಮಸ್ಲಿನ್ ಉಟ್ಟು ಬಂದಳು. ಒಬ್ಬಳು ಪಾದಕ್ಕಾಗಿ ಕತ್ತರಿಸಿದಳು, ಇನ್ನೊಬ್ಬಳು ಮೈಯ ಭಾವಕ್ಕಾಗಿ ಹಗುರಾದಳು. ಟಾಲಿಯೋನಿಯ ಲಂಗದಲ್ಲಿ ಈ ಇಬ್ಬರೂ ಇದ್ದಾರೆ.

ಸಂಜೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ನೋಡಿದೆವು. ಕಾಲು ಸೋತಿತ್ತು, ನೋಡಿದ್ದು ತಲೆಗೆ ಹೋಗಲಿಲ್ಲ.

ಶನಿವಾರ, ಲಂಡನ್

ಬೆಳಿಗ್ಗೆ ಗೋಲ್ಡರ್ಸ್ ಗ್ರೀನ್ ಕಡೆ ಹೋಗಿ ರಷ್ಯಾದ ನರ್ತಕಿ ಅನ್ನಾ ಪಾವ್ಲೊವಾ 1912ರಿಂದ ಸಾಯುವವರೆಗೆ ಇದ್ದ ಐವಿ ಹೌಸ್‌ನ್ನು ಹೊರಗಿನಿಂದ ನೋಡಿ ಬಂದೆವು. ಕೊಳದಲ್ಲಿ ಹಂಸ ಸಾಕಿದ್ದಳಂತೆ. ‘ಸಾಯುವ ಹಂಸ’ಕ್ಕೆ ಅವಳು ತೊಟ್ಟದ್ದು ಗರಿ ಹೊಲಿದ ಮೆತ್ತನೆಯ, ಇಳಿಬಿದ್ದ ಲಂಗ, ಬಳೆಯ ಬಿಗಿ ಇರಲಿಲ್ಲ. ನಮ್ಮವರಿಗೆ ಅವಳ ಋಣವಿದೆ. 1923ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಉದಯ್ ಶಂಕರ್ ಅವಳ ಜೊತೆ ರಾಧಾ-ಕೃಷ್ಣ ನೃತ್ಯ ಮಾಡಿದರು. ರುಕ್ಮಿಣಿ ದೇವಿ ಬ್ಯಾಲೆ ಕಲಿತದ್ದು ಅವಳ ತಂಡದ ಕ್ಲಿಯೊ ನೋರ್ಡಿಯವರ ಹತ್ತಿರ, ನಿಮ್ಮ ನಾಡಿನ ನೃತ್ಯದ ಕಡೆ ನೋಡಿ ಎಂದು ಹೇಳಿದ್ದೂ ಪಾವ್ಲೊವಾ. ಆಮೇಲೆ ರುಕ್ಮಿಣಿ ದೇವಿ ಭರತನಾಟ್ಯದ ಉಡುಪನ್ನೇ ಹೊಸದಾಗಿ ರೂಪಿಸಿದರು. ಇವತ್ತು ನಾನು ಹೊಲಿಯುವ ಕಾಲಿನ ನಡುವಿನ ಬೀಸಣಿಗೆ ನೆರಿಗೆ ಆ ಬದಲಾವಣೆಯ ಸಾಲಿಗೇ ಸೇರಿದ್ದು. ಅರೆಮಂಡಿ ಕೂತರೆ ಬಿಚ್ಚಿಕೊಳ್ಳುತ್ತದೆ, ಎದ್ದರೆ ಮುಚ್ಚಿಕೊಳ್ಳುತ್ತದೆ. ಅಮ್ಮಣಿ ಹೀಗೆ ಹೊಲಿದದ್ದನ್ನು ಉಟ್ಟಿರಲಿಲ್ಲ.

ರಾತ್ರಿ ರಾಯಲ್ ಒಪೆರಾ ಹೌಸ್‌ನಲ್ಲಿ ‘ಹಂಸ ಸರೋವರ’. ನಿಧಿ ಎಲ್ಲಕ್ಕಿಂತ ಮೇಲಿನ ಅಗ್ಗದ ಸೀಟು ಹಿಡಿದಿದ್ದಳು. ಇಲ್ಲಿ 1987ರಿಂದ ಸುಮಾರು ಮೂವತ್ತು ವರ್ಷ ಆಡಿದ ಆಂಟನಿ ಡೊವೆಲ್ ಅವರ ಪ್ರಯೋಗದಲ್ಲಿ ಹಂಸಗಳಿಗೆ ಯೋಲಾಂಡಾ ಸೊನ್ನಾಬೆಂಡ್ ಮೊಣಕಾಲಿನ ಕೆಳಗೆ ಇಳಿಯುವ ಚಿಂದಿ ಚಿಂದಿ ಗರಿಯಂಥ ಲಂಗ ಕೊಟ್ಟಿದ್ದರು. 2018ರಲ್ಲಿ ಲಿಯಾಮ್ ಸ್ಕಾರ್ಲೆಟ್ ಅವರ ಹೊಸ ಪ್ರಯೋಗ ಬಂತು, ಜಾನ್ ಮ್ಯಾಕ್‌ಫರ್ಲೇನ್ ವಿನ್ಯಾಸದಲ್ಲಿ ಹಂಸಗಳು ಮತ್ತೆ ಅಡ್ಡ ಟುಟು ತೊಟ್ಟವು. ಊರಿನ ಬ್ಯಾಲೆ ಅಭಿಮಾನಿಗಳಲ್ಲಿ ಅನೇಕರಿಗೆ ಹಾಯೆನಿಸಿತಂತೆ.

ಎತ್ತರದಿಂದ ನೋಡುವಾಗ ಒಂದು ವಿಷಯ ಗಮನಕ್ಕೆ ಬಂತು. ಎರಡನೇ ಅಂಕದಲ್ಲಿ ಹಂಸಗಳು ಸಾಲಾಗಿ ನಿಂತಾಗ ನಮಗೆ ಕಂಡದ್ದು ಬಿಳಿ ಬಿಲ್ಲೆಗಳು, ಅದರ ನಡುವೆ ತಲೆ, ಎರಡು ತೋಳು. ಕಾಲಿನ ಮೇಲರ್ಧ ಬಿಲ್ಲೆಯ ಕೆಳಗೆ ಮಾಯ. ವಿನ್ಯಾಸ ಮಾತ್ರ ಬಹಳ ಚೆಂದ. ನಾಲ್ಕು ಪುಟ್ಟ ಹಂಸಗಳು ಕೈ ಕೈ ಹೆಣೆದು ಬಂದಾಗ ಟುಟುವಿನ ಅಂಚುಗಳು ಒಂದರ ಮೇಲೊಂದು ಏರಿ ಒಂದೇ ಪಟ್ಟಿಯಾಗಿ ಅದುರುತ್ತಿದ್ದವು. ಮೂರನೇ ಅಂಕದಲ್ಲಿ ಕಪ್ಪು ಟುಟುವಿನ ಓಡೀಲ್ ಆ 32 ಸುತ್ತಿಗೆ ನಿಂತಳು. ಅಕ್ಕಪಕ್ಕದವರು ಎಣಿಸತೊಡಗಿದರು. ಪ್ರತಿ ಸುತ್ತಿಗೂ ಟುಟುವಿನ ಅಂಚು ಮೈಗಿಂತ ಕೂದಲೆಳೆಯಷ್ಟು ತಡವಾಗಿ ತಿರುಗುತ್ತಿತ್ತು, ಅವಳು ಚಕ್ಕನೆ ನಿಂತ ಮೇಲೂ ಒಮ್ಮೆ ಆಚೆ ಹೋಗಿ ಈಚೆ ಬಂತು. ಒಳಗಿನ ಕಚ್ಚಾ ಹೊಲಿಗೆ ಸಡಿಲ ಬಿಟ್ಟಿದ್ದಾರೆ ಎಂದು ಅಲ್ಲೇ ಗೊತ್ತಾಯಿತು.

ಹೊರಗೆ ಬಂದು ಮೆಟ್ರೊ ಲಿಫ್ಟಿನ ಸಾಲಿನಲ್ಲಿ ನಿಂತಾಗ, ನನಗೆ ಸೊನ್ನಾಬೆಂಡ್ ಕೊಟ್ಟ ಉದ್ದ ಲಂಗವೇ ಸರಿ ಅನಿಸುತ್ತದೆ ಎಂದೆ. 1895ರ ಫೋಟೊಗಳಲ್ಲೂ ಹಂಸಗಳ ಲಂಗ ಮೊಣಕಾಲು ಮುಟ್ಟುತ್ತದೆ, ಮೋಟಾದದ್ದು ಆಮೇಲಿನ ರೂಢಿ.

“ಅಯ್ಯೋ ದೊಡ್ಡಮ್ಮ, ವಾರವಿಡೀ ಕಾಲು ಕಾಣಬೇಕು, ಅದಕ್ಕೇ ಮೋಟಾಯ್ತು ಅಂತ ಹೇಳಿದ್ದು ನೀವೇ ಅಲ್ವಾ?”

“ಕಾಣಲಿಲ್ಲವಲ್ಲೇ. ತೊಡೆ ಎಲ್ಲಿತ್ತು? ಅಷ್ಟು ಮೇಲಿಂದ ಬರೀ ಬಿಲ್ಲೆ ಕಾಣ್ತಿತ್ತು. ಈ ಮೋಟು ಲಂಗ ಕೆಳಗಿನ ದುಬಾರಿ ಸೀಟಿನವರಿಗೆ ಅಂತ ಹೊಲಿದದ್ದು ಕಣೇ.”

“ಸರಿ, ಮುಂದಿನ ಸಲ ಕೆಳಗಿನದೇ ಬುಕ್ ಮಾಡ್ತೀನಿ,” ಎಂದಳು. “ದುಡ್ಡು ಮಾತ್ರ ನೀವು ಕೊಡಿ.”